ಹಳೆಯ ಬಾಡಿಗೆ ಮನೆ: ದಪ್ಪ ಪರದೆ ಹಾಕಿದರೆ ಹೀಟಿಂಗ್ ಬಿಲ್ಲು ಇಳಿಯುವುದೇ?

ಪ್ರಶ್ನೆ:
ನಾವು ಅಮೆರಿಕದ ಮಿನಿಯಾಪೊಲಿಸ್‌ನ ಹಳೆಯದೊಂದು ಬಾಡಿಗೆ ಮನೆಯಲ್ಲಿದ್ದೇವೆ. ಕಿಟಕಿಗಳನ್ನು ಬದಲಿಸಲು ಮಾಲೀಕರು ಒಪ್ಪುತ್ತಿಲ್ಲ. ಕಳೆದ ಜನವರಿಯ ಬಿಲ್ಲು ನೋಡಿ ಗಾಬರಿಯಾಗಿ, ನೆಲ ಮುಟ್ಟುವಂತಹ ದಪ್ಪ ಪರದೆಗಳನ್ನು ತಂದು ಹಾಕಿದೆವು. ಆದರೂ ಸಂಜೆ ಸೋಫಾದಲ್ಲಿ ಕುಳಿತರೆ ಪಾದಕ್ಕೆ ತಣ್ಣನೆಯ ಗಾಳಿ ಸೋಕುತ್ತದೆ. ಪರದೆಯಿಂದ ನಿಜಕ್ಕೂ ಪ್ರಯೋಜನವಿದೆಯೇ, ಇಲ್ಲವೇ ದುಬಾರಿಯಾದ ಸೆಲ್ಯುಲರ್ ಶೇಡ್‌ಗಳನ್ನೇ (ಜೇನುಗೂಡಿನಂತೆ ಗಾಳಿ ತುಂಬಿದ ಪದರಗಳಿರುವ ಕಿಟಕಿ ಮರೆಗಳು) ಕೊಳ್ಳಬೇಕೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1:
ಬಟ್ಟೆ ದಪ್ಪವಿದ್ದರೆ ಸಾಲದು, ಅಂಚುಗಳೂ ಮುಚ್ಚಿರಬೇಕು. ಕೋಣೆಯ ಬೆಚ್ಚನೆಯ ಗಾಳಿ ಪರದೆಯ ಮೇಲಿನ ಸಂದಿನಿಂದ ಒಳಹೊಕ್ಕು, ಗಾಜಿನ ಬಳಿ ತಣಿದು ಭಾರವಾಗಿ ಕೆಳಗಿನಿಂದ ಹೊರಬೀಳುತ್ತದೆ. ನಿಮ್ಮ ಪಾದಕ್ಕೆ ಸೋಕುತ್ತಿರುವುದು ಬಹುಶಃ ಅದೇ. ಪರದೆಯ ಮೇಲ್ಭಾಗಕ್ಕೆ ಹಲಗೆಯ ಮರೆ ಕಟ್ಟಿ, ಎರಡೂ ಪಕ್ಕಗಳನ್ನು ವೆಲ್ಕ್ರೋ ಪಟ್ಟಿಯಿಂದ ಗೋಡೆಗೆ ಅಂಟಿಸಿ ನೋಡಿ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ, ಎಳೆದಿಟ್ಟ ಸಾಮಾನ್ಯ ಪರದೆಗಳು ಬೆಚ್ಚನೆಯ ಕೋಣೆಯ ಶಾಖನಷ್ಟವನ್ನು ಹೆಚ್ಚೆಂದರೆ ಶೇ. 10ರಷ್ಟು ತಗ್ಗಿಸುತ್ತವೆ. ಚೌಕಟ್ಟಿಗೆ ಬಿಗಿಯಾಗಿ ಕೂರುವ ಸೆಲ್ಯುಲರ್ ಶೇಡ್‌ಗಳು ಕಿಟಕಿಯ ಮೂಲಕ ಆಗುವ ನಷ್ಟವನ್ನು ಶೇ. 40ಕ್ಕೂ ಮೀರಿ ತಗ್ಗಿಸಬಲ್ಲವು. ಅಂಗಡಿಯವರು ಒತ್ತಿ ಹೇಳುವುದು ಈ 40ನ್ನೇ. ಆದರೆ ಅದು ಕಿಟಕಿಯ ಲೆಕ್ಕ, ಇಡೀ ಮನೆಯ ಹೀಟಿಂಗ್‌ನಲ್ಲಿ ಉಳಿತಾಯ ಸುಮಾರು ಶೇ. 10 ಮಾತ್ರ.

ಉತ್ತರ 2:
ಶೇಡ್ ಕೊಳ್ಳುವ ಮೊದಲು ಗಾಳಿ ಹೊರಗಿನಿಂದ ನುಗ್ಗುತ್ತಿದೆಯೇ ಎಂದು ಪರೀಕ್ಷಿಸಿ. ಪರದೆಯನ್ನು ಪಕ್ಕಕ್ಕೆ ಸರಿಸಿ, ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ ಚೌಕಟ್ಟಿನುದ್ದಕ್ಕೂ ನಿಧಾನವಾಗಿ ಹಿಡಿದರೆ, ಸಂದಿರುವಲ್ಲಿ ಹೊಗೆ ಥಟ್ಟನೆ ಒಳಕ್ಕೆ ಬಾಗುತ್ತದೆ. ಅಂತಹ ಸಂದುಗಳನ್ನು ಪರದೆ ಮುಚ್ಚಲಾರದು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಬಿಗಿಗೊಳಿಸುವ ಪ್ಲಾಸ್ಟಿಕ್ ಫಿಲ್ಮನ್ನು ಒಳಚೌಕಟ್ಟಿಗೆ ಹಾಕಿದರೆ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ. ಇನ್ನು, ದಕ್ಷಿಣದ ಕಿಟಕಿಗಳ ಪರದೆಯನ್ನು ಬಿಸಿಲಿರುವಷ್ಟು ಹೊತ್ತು ತೆರೆದಿಡಿ. ನಮ್ಮ ಮನೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಉತ್ತರ 3:
ಪರದೆಯ ಹಿಂದೆ ಗಾಜು ಮತ್ತಷ್ಟು ತಣ್ಣಗಾಗುವುದರಿಂದ ಬೆಳಿಗ್ಗೆ ಅದರ ಮೇಲೆ ನೀರು ಕಟ್ಟುತ್ತದೆ. ದಿನವೂ ಒರೆಸದಿದ್ದರೆ ಮರದ ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅಂದಹಾಗೆ, ನಿಮ್ಮ ಹೀಟರ್ ಕಿಟಕಿಯ ಕೆಳಗಿದೆಯೇ?

ಪ್ರಶ್ನೆ ಕೇಳಿದವರು:
ಹೌದು, ಬೇಸ್‌ಬೋರ್ಡ್ ಹೀಟರ್ (ಗೋಡೆಯ ಬುಡಕ್ಕೆ ಉದ್ದಕ್ಕೂ ಕೂರಿಸಿದ ಹೀಟರ್) ಸರಿಯಾಗಿ ಪರದೆಯ ಹಿಂದೆಯೇ ಇದೆ! ನಾವು ದುಡ್ಡು ಕೊಟ್ಟು ಗಾಜನ್ನೇ ಬಿಸಿ ಮಾಡುತ್ತಿದ್ದೆವು. ಬಟ್ಟೆ ಹೀಟರಿಗೆ ತಾಗುತ್ತಿದ್ದುದು ಅಪಾಯ ಬೇರೆ. ನಿನ್ನೆ ರಾತ್ರಿಯೇ ಪರದೆಯನ್ನು ಕಿಟಕಿಯ ಕಟ್ಟೆಯವರೆಗೆ ಮಡಿಸಿ ಹೊಲಿದೆ. ಈ ವಾರಾಂತ್ಯದಲ್ಲಿ ಊದುಬತ್ತಿ ಹಿಡಿದು ಸಂದುಗಳನ್ನು ಹುಡುಕುತ್ತೇವೆ.