ವಾರ್ಷಿಕೋತ್ಸವದಲ್ಲಿ ನಮ್ಮ ಖೋ ಖೋ ಹುಡುಗಿಯರಿಗೆ ಜಾಗ ಮಾಡುವುದು ಹೇಗೆ?

ತುಂಗೆಯ ಆಚೆ ದಡ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ನಾನಿದ್ದೇನೆ. ಮಗಳು ಏಳನೇ ಕ್ಲಾಸು. ಜನವರಿ ಕೊನೆಗೆ ವಾರ್ಷಿಕೋತ್ಸವ. ಕಾರ್ಯಕ್ರಮದ ಪಟ್ಟಿ ಮಾಡುವ ಕೆಲಸ ಈ ಸಲ ನನ್ನ ತಲೆಗೆ ಬಿದ್ದಿದೆ.

ಹೇಳಿಕೊಳ್ಳುವುದಕ್ಕೆ ಈ ವರ್ಷ ನಮ್ಮಲ್ಲಿ ಬೇಕಾದಷ್ಟಿದೆ. ಹುಡುಗಿಯರ ಖೋ ಖೋ ತಂಡ ಹೋಬಳಿ ಗೆದ್ದಿತು, ತಾಲ್ಲೂಕೂ ಗೆದ್ದಿತು. ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಜಿಲ್ಲಾ ಮಟ್ಟ ಆಡಿ ಬಂತು. ಅಲ್ಲಿ ಮೊದಲ ಆಟದಲ್ಲೇ ಸೋತರು. ಅಲ್ಲಿ ಹೇಗೆ ಆಡಿದರು ಎಂದು ಊರಲ್ಲಿ ಯಾರಿಗೂ ಗೊತ್ತಿಲ್ಲ. ನೋಡಿದ್ದು ಜೀಪಿನಲ್ಲಿ ಜೊತೆಗೆ ಹೋದ ಮೇಡಂ ಒಬ್ಬರೇ.

ಪ್ರತಿಭಾ ಕಾರಂಜಿಯಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬ ಮಣ್ಣಿನ ಮಾದರಿ ಮಾಡಿದ್ದ. ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು, ಬಗ್ಗಿ ನಟ್ಟಿ ಮಾಡುತ್ತಿರುವ ಹೆಂಗಸು. ಮಣ್ಣು ಅವರ ಮನೆಯ ಗದ್ದೆಯದ್ದೇ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗ ಅವನು. ಅದು ಈಗ ಸ್ಟಾಫ್ ರೂಮಿನ ಬೀರುವಿನ ಮೇಲೆ ಹಾಜರಿ ಪುಸ್ತಕಗಳ ಪಕ್ಕ ಕೂತಿದೆ. ಗೊರಬಿನ ತುದಿ ಆಗಲೇ ಬಿರುಕು ಬಿಟ್ಟಿದೆ. ಆಮೇಲೆ ನವೆಂಬರ್ ಕೊನೆಗೆ ಕೆಎಸ್‌ಆರ್‌ಟಿಸಿ ಬಸ್ಸು ಮಾಡಿಸಿಕೊಂಡು ಕೆಳದಿ, ಇಕ್ಕೇರಿ, ಜೋಗ ಒಂದೇ ದಿನದಲ್ಲಿ ನೋಡಿಕೊಂಡು ಬಂದರು.

ಈಗ ಸಮಸ್ಯೆ ಕೇಳಿ. ಕಳೆದ ವರ್ಷ ವೇದಿಕೆ ಮೇಲೆ ಹದಿನಾಲ್ಕು ಕುರ್ಚಿ. ಹಾರ, ಶಾಲು, ಹಣ್ಣಿನ ಬುಟ್ಟಿ, ಭಾಷಣ. ಮಕ್ಕಳ ಡ್ಯಾನ್ಸ್ ಶುರುವಾದಾಗ ಸಣ್ಣವರು ಅಮ್ಮನ ತೊಡೆ ಮೇಲೆ ಮಲಗಿ ಆಗಿತ್ತು. ಬಹುಮಾನ ಹಂಚಿದ್ದು ಕೊನೆಗೆ, ರೇಷನ್ ಅಂಗಡಿ ಮುಂದೆ ಹೆಸರು ಕೂಗಿದ ಹಾಗೆ. ಬಾ, ಸ್ಟೀಲ್ ಲೋಟ ತಗೋ, ಆ ಕಡೆಯಿಂದ ಇಳಿ. ಯಾವ ಮಗು ಯಾತಕ್ಕೆ ಲೋಟ ತಗೊಂಡಿತು ಎಂದು ಕೂತವರಿಗೆ ತಿಳಿಯಲೇ ಇಲ್ಲ.

ದೊಡ್ಡ ದುಡ್ಡು ಇಲ್ಲ. ಶಾಮಿಯಾನ, ಮೈಕು, ಊಟ ಇಷ್ಟಕ್ಕೇ ಮುಗಿಯುತ್ತದೆ. ಆಟ, ಮಣ್ಣಿನ ಮಾದರಿ, ಪ್ರವಾಸ ಈ ಮೂರನ್ನೂ ಊರಿನವರು ಕಣ್ಣಾರೆ ನೋಡುವ ಹಾಗೆ ಏನು ಮಾಡಬಹುದು? ನಿಮ್ಮೂರಲ್ಲಿ ಮಾಡಿದ್ದು ಏನಾದರೂ ಇದ್ದರೆ ಹೇಳಿ.

ಹಳೇ ಪಿಟಿ ಮೇಷ್ಟ್ರು:

ಮೇಡಂ, ಖೋ ಖೋ ತಂಡವನ್ನು ವೇದಿಕೆಗೆ ಹತ್ತಿಸಬೇಡಿ. ಊರಿನವರನ್ನು ಮೈದಾನಕ್ಕೆ ಇಳಿಸಿ.

ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರೆ ಖೋ ಖೋ ಆಡುವವರಿಗೂ ಥ್ರೋಬಾಲ್ ಆಡುವವರಿಗೂ ಏನು ವ್ಯತ್ಯಾಸ? ಶಾಲೆ ಅಂಗಳದಲ್ಲೇ ಒಂದು ಪಂದ್ಯ ಆಡಿಸಿ. ಎದುರು ತಂಡಕ್ಕೆ ಹೈಸ್ಕೂಲಿಗೆ ಹೋಗಿರುವ ಹಳೇ ಆಟಗಾರ್ತಿಯರನ್ನು ಕರೆಯಿರಿ, ಓಡೋಡಿ ಬರುತ್ತಾರೆ. ಕಂಬಕ್ಕೆ ಹೊಸದು ಏನೂ ಬೇಡ. ನೆಲದಿಂದ ನಾಲ್ಕಡಿ ನಿಲ್ಲುವ ಹಾಗೆ ಅಡಿಕೆ ಮರದ ತುಂಡು ಎರಡು ಹುಗಿದು, ಸಿಬಿರು ಕೈಗೆ ಚುಚ್ಚದ ಹಾಗೆ ಚೆನ್ನಾಗಿ ಹೆರೆದು, ಹಳೇ ಬಟ್ಟೆ ಬಿಗಿದು ಸುತ್ತಿದರೆ ಪ್ರದರ್ಶನ ಪಂದ್ಯಕ್ಕೆ ಸಾಕು.

ತಂಡದ ಒಬ್ಬಳ ಕೈಗೆ ಮೈಕು ಕೊಡಿ. ಆಟ ಶುರುವಾಗುವ ಮೊದಲು ಅವಳೇ ನಿಯಮ ಹೇಳಲಿ. ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ನಡುಗೆರೆ ದಾಟುವ ಹಾಗಿಲ್ಲ, ಒಂದು ದಿಕ್ಕು ಹಿಡಿದ ಮೇಲೆ ವಾಪಸ್ ತಿರುಗುವ ಹಾಗೂ ಇಲ್ಲ. ತಪ್ಪಿಸಿಕೊಳ್ಳುವವರು ಮೂರು ಮೂರು ಜನ ಬರುತ್ತಾರೆ, ಅವರು ಎಲ್ಲಿ ಬೇಕಾದರೂ ನುಗ್ಗಬಹುದು. ಇಷ್ಟು ಗೊತ್ತಾದರೆ ಸಾಕು, ಅಜ್ಜಿಯರೂ ಎದ್ದು ನಿಂತು ಕೂಗುತ್ತಾರೆ. ನಿಯಮ ತಿಳಿಯದೆ ನೋಡಿದರೆ ಸುಮ್ನೆ ಮಕ್ಕಳು ಓಡಾಡಿದ ಹಾಗೆ ಕಾಣುತ್ತದೆ ಅಷ್ಟೇ.

ಇನ್ನೊಂದು. ಜಿಲ್ಲೆಯಲ್ಲಿ ಏಳು ತಾಲ್ಲೂಕು. ಮಕ್ಕಳು ಒಂದು ಇಡೀ ತಾಲ್ಲೂಕಿನ ಹೆಸರು ಹೊತ್ತು ಹೋಗಿದ್ದಾರೆ. "ಮೊದಲ ಆಟದಲ್ಲೇ ಸೋತರು" ಎಂದು ವರದಿಯಲ್ಲಿ ಬರೆಯುವ ಮೊದಲು ಅದನ್ನು ಬರೆಯಿರಿ. ನಮ್ಮ ಕಡೆ ಕ್ರೀಡಾಕೂಟಕ್ಕೆ ತಯಾರಿ ಮಾಡುವ ಕಾಲವೇ ಮಳೆಗಾಲ. ಶಿಕಾರಿಪುರ, ಭದ್ರಾವತಿ ಕಡೆ ಮಳೆ ಕಡಿಮೆ, ನೆಲ ಬೇಗ ಒಣಗುತ್ತದೆ. ತೀರ್ಥಹಳ್ಳಿ, ಹೊಸನಗರದ ಮಕ್ಕಳು ಜುಲೈ ತಿಂಗಳಿಡೀ ವರಾಂಡದಲ್ಲಿ ಕೂತು ಏಳುವುದನ್ನೇ ಅಭ್ಯಾಸ ಮಾಡಬೇಕು. ಕಂಬಕ್ಕೆ ಹಾರುವುದನ್ನು ಎಲ್ಲಿ ಕಲಿಸೋದು? ಕೆಸರಿನಲ್ಲಾ? ಸರ್ವಿಸ್ ಪೂರ್ತಿ ನಾನು ಕಂಡದ್ದು ಇದೇ.

ಪಟ್ಟಿಯಲ್ಲಿ ಹೊರಗೆ ಕೂತ ಮೂವರ ಹೆಸರನ್ನೂ ಓದಿ. ಅಭ್ಯಾಸದಲ್ಲಿ ಅವರು ಓಡಿದ್ದೇನು ಕಮ್ಮಿ ಅಲ್ಲ.

ಕೆಳದಿ ರಸ್ತೆ:

ನಾನು ಸಾಗರದ ಕಡೆ ಟೀಚರ್. ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಓಟು.

ಪ್ರವಾಸದ ಬಗ್ಗೆ ಹೇಳುತ್ತೇನೆ. ದಯವಿಟ್ಟು ಪ್ರೊಜೆಕ್ಟರ್ ತಂದು ಇನ್ನೂರು ಫೋಟೋ ತೋರಿಸಬೇಡಿ. ಬಸ್ಸಿನ ಮುಂದೆ ಗುಂಪು, ದೇವಸ್ಥಾನದ ಮುಂದೆ ಗುಂಪು, ಜೋಗದ ಕಟಕಟೆ ಮುಂದೆ ಗುಂಪು. ಹತ್ತನೇ ಫೋಟೋಗೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಅದರ ಬದಲು ಒಂದೊಂದು ಮಗು ಬಂದು, ತಾನು ನೋಡಿದ ಒಂದೇ ಒಂದು ವಸ್ತುವಿನ ಬಗ್ಗೆ ಮಾತಾಡಲಿ. ಕೆಳದಿ ರಾಮೇಶ್ವರ ದೇವಸ್ಥಾನದ ಚಾವಣಿಯಲ್ಲಿ ಗಂಡಭೇರುಂಡ ಇದೆ. ಕತ್ತೆತ್ತಿ ನೋಡಿದವನು ಅದನ್ನು ಬಿಡಿಸಿ ತೋರಿಸಲಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಒಳಗೆ ನೆಲದ ಮೇಲೆ ಕೆಳದಿ ಅರಸರು ದೇವರಿಗೆ ಅಡ್ಡಬಿದ್ದ ಹಾಗೆ ಕೆತ್ತಿದ್ದಾರೆ. "ರಾಜ ಯಾಕೆ ನೆಲದ ಮೇಲೆ?" ಎಂದು ಯಾವುದಾದರೂ ಮಗು ಕೇಳಿಯೇ ಇರುತ್ತದೆ. ಆ ಮಗುವನ್ನು ಹುಡುಕಿ.

ಜೋಗದ ವಿಷಯದಲ್ಲಿ ಮಕ್ಕಳಿಗೆ ನಿಜ ಹೇಳಲು ಬಿಡಿ. ನವೆಂಬರ್ ಕೊನೆಗೆ ನೀರು ಸಣ್ಣದಾಗಿರುತ್ತದೆ, ಶರಾವತಿಯನ್ನು ಮೇಲೆ ಲಿಂಗನಮಕ್ಕಿಯಲ್ಲಿ ತಡೆದಿದ್ದಾರಲ್ಲ. ನಮ್ಮ ಕ್ಲಾಸಿನ ಹುಡುಗನೊಬ್ಬ "ರಾಜ ಇದ್ದಾನೆ, ರಾಣಿ ಇದ್ದಾಳೆ, ರೋರರ್ ಎಲ್ಲಿ ಗರ್ಜಿಸುತ್ತಿದೆ?" ಎಂದು ಕೇಳಿದ್ದ. 253 ಮೀಟರ್ ಎತ್ತರ ಎಂದು ಬಾಯಿಪಾಠ ಒಪ್ಪಿಸುವುದಕ್ಕಿಂತ ಅವನ ಆ ಪ್ರಶ್ನೆ ನನಗೆ ಇಷ್ಟ.

ಮತ್ತೆ ವೇದಿಕೆಯ ಹಿಂದಿನ ಫ್ಲೆಕ್ಸ್ ಬಿಡಿ. ನಾವು ಒಂದು ಸಲ ಹಸೆ ಚಿತ್ತಾರ ಮಾಡಿಸಿದೆವು. ನಮ್ಮ ಕಡೆ ದೀವರ ಮನೆಗಳ ಅಜ್ಜಿಯರಿಗೆ ಅದು ಕೈಗತ. ಭೂಮಿ ಹುಣ್ಣಿಮೆ ಬುಟ್ಟಿ ಮೇಲೆ ಬರೆಯುತ್ತಾರಲ್ಲ, ಅದೇ. ಹಳೇ ಕೋರಾ ಬಟ್ಟೆಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಹಿಡಿದು ಗೆರೆ ಎಳೆದರು. ಮಕ್ಕಳು ಪಕ್ಕ ಕೂತು ಕಲಿತರು. ಫ್ಲೆಕ್ಸಿನ ದುಡ್ಡು ಉಳಿಯಿತು. ಅದಕ್ಕಿಂತ ಹೆಚ್ಚಾಗಿ ವೇದಿಕೆ ಮೇಲೆ ಯಾರ ಮುಖವೂ ದೊಡ್ಡದಾಗಿ ನೇತಾಡಲಿಲ್ಲ! ನಿಮ್ಮ ಕಡೆ ಆ ಕೈ ಇಲ್ಲದಿದ್ದರೆ ಇರುವುದನ್ನೇ ಹಿಡಿಯಿರಿ, ರಂಗೋಲಿಯೋ ಚಾಪೆಯೋ.

ಗೊರಬಿನ ಹೆಂಗಸನ್ನು ಬೀರುವಿನಿಂದ ಇವತ್ತೇ ಇಳಿಸಿ. ಬಿಸಿಲು ತಾಗದ ಕಡೆ ಇಡಿ. ಬಿರುಕನ್ನು ಆ ಹುಡುಗನೇ ಮೆತ್ತಲಿ, ಬೇರೆಯವರು ಕೈ ಹಾಕಬೇಡಿ.

ಸುಮ್ನೆ ಓದೋನು:

ಎಲ್ಲ ಚೆನ್ನಾಗಿದೆ. ಆದರೆ ಪ್ರವಾಸಕ್ಕೆ ಹೋಗದ ಮಕ್ಕಳು ಎಷ್ಟು ಜನ? ಅವರು ಆ ಹೊತ್ತಿನಲ್ಲಿ ಏನು ಮಾಡಬೇಕು, ಕೂತು ಚಪ್ಪಾಳೆ ತಟ್ಟಬೇಕಾ?

ನಾನು ಚಿಕ್ಕವನಿದ್ದಾಗ ಪ್ರವಾಸದ ದಿನ ಶಾಲೆಗೆ ಹೋಗಿ ಖಾಲಿ ಕ್ಲಾಸಿನಲ್ಲಿ ಕೂತವನು. ಮರುದಿನ ಎಲ್ಲರ ಬಾಯಲ್ಲೂ ಬಸ್ಸಿನದೇ ಮಾತು. ಅದಕ್ಕೇ ಕೇಳಿದೆ, ಬೇಜಾರು ಮಾಡಿಕೊಳ್ಳಬೇಡಿ.

ತುಂಗೆಯ ಆಚೆ ದಡ:

ಬೇಜಾರು ಯಾಕೆ, ಕೇಳಿದ್ದು ಒಳ್ಳೆಯದಾಯಿತು. ಏಳು ಮಕ್ಕಳು ಹೋಗಿಲ್ಲ. ಐದು ಮನೆಯಲ್ಲಿ ದುಡ್ಡಿನ ಕಾರಣ, ಇನ್ನೆರಡು ಮನೆಯಲ್ಲಿ ಹುಡುಗಿಯರನ್ನು ಅಷ್ಟು ದೂರ ಕಳಿಸುವುದಿಲ್ಲ ಎಂದರು. ಅದರಲ್ಲಿ ಒಬ್ಬಳು ಖೋ ಖೋ ತಂಡದವಳು. ಶಿವಮೊಗ್ಗಕ್ಕೆ ಆಡಲು ಕಳಿಸಿದ ಅಪ್ಪ ಜೋಗಕ್ಕೆ ಕಳಿಸಲಿಲ್ಲ, ನೋಡಿ ಹೇಗಿದೆ.

ಮೇಷ್ಟ್ರೇ, ನಿಮ್ಮ ಪಂದ್ಯ ಖಂಡಿತ ಮಾಡೋಣ. ಆದರೆ ಮಧ್ಯಾಹ್ನ ಇಟ್ಟರೆ ಯಾರೂ ಬರುವುದಿಲ್ಲ. ಕೊಯ್ಲಿನ ಕಾಲ. ಹಗಲು ತೋಟದಲ್ಲಿ ಇರುತ್ತಾರೆ, ರಾತ್ರಿ ಅಡಿಕೆ ಸುಲಿಯಲು ಕೂರುತ್ತಾರೆ. ಸುಲಿಯಲು ಹೋಗುವ ಅಮ್ಮಂದಿರೇ ನಮ್ಮಲ್ಲಿ ಜಾಸ್ತಿ. ಸಂಜೆ ನಾಲ್ಕೂವರೆಗೆ ಶುರು ಮಾಡಿದರೆ ಕತ್ತಲಾಗುವ ಮೊದಲು ಒಂದು ಪಂದ್ಯ ಮುಗಿಯುತ್ತದಾ?

ಹಳೇ ಪಿಟಿ ಮೇಷ್ಟ್ರು:

ಧಾರಾಳವಾಗಿ. ಜನವರಿ ಕೊನೆಗೆ ಆರು ಗಂಟೆ ತನಕ ಚೆನ್ನಾಗಿ ಬೆಳಕಿರುತ್ತದೆ. ಪೂರ್ತಿ ಪಂದ್ಯ ಬೇಡ, ಎರಡೂ ತಂಡ ಒಂದೊಂದು ಸಲ ಅಟ್ಟಲಿ, ಒಂದೊಂದು ಸಲ ಓಡಲಿ. ಮಕ್ಕಳಿಗೆ ಆಮೇಲೆ ಡ್ಯಾನ್ಸ್ ಬೇರೆ ಇದೆ, ಸುಸ್ತು ಮಾಡಬೇಡಿ.

ಗಾಜನೂರು ಗಾಳಿ:

ಹದಿನಾಲ್ಕು ಕುರ್ಚಿಯ ಬಗ್ಗೆ ಯಾರೂ ಮಾತಾಡಲಿಲ್ಲ, ಹೆದರಿಕೆಯಾ ಮಾರಾಯ್ರೆ?

ನಾನು ಒಂದು ಪಂಚಾಯ್ತಿಯಲ್ಲಿ ಇದ್ದವನು, ಆ ಕುರ್ಚಿಯಲ್ಲಿ ಕೂತವನು. ಒಳಗಿನ ಮಾತು ಹೇಳುತ್ತೇನೆ. ಕರೆಯದಿದ್ದರೆ ಸಿಟ್ಟು ಬರುತ್ತದೆ, ಮುಂದಿನ ಸಲ ಕಾಂಪೌಂಡಿಗೆ ಕೇಳಿದಾಗ ನೆನಪಿಟ್ಟುಕೊಳ್ಳುತ್ತಾರೆ. ಹಾಗಾಗಿ ಎಲ್ಲರನ್ನೂ ಕರೆಯಿರಿ. ಆದರೆ ಭಾಷಣ ಕೊಡಬೇಡಿ, ಕೆಲಸ ಕೊಡಿ. ಒಬ್ಬರಿಗೆ ಸೀಟಿ, ಒಬ್ಬರಿಗೆ ಗಡಿಯಾರ, ಒಬ್ಬರಿಗೆ ಅಂಕ ಬರೆಯುವ ಬೋರ್ಡು. ಮೈದಾನದ ಅಂಚಿನಲ್ಲಿ ಬೆಂಚು ಹಾಕಿ, ಕೈಗೆ ಕಾಫಿ ಮತ್ತು ಖಾರ ಮಂಡಕ್ಕಿ ಕೊಡಿ. ಸೀಟಿ ಕೈಗೆ ಸಿಕ್ಕಿದ ಮನುಷ್ಯನಿಗೆ ಶಾಲಿನ ನೆನಪು ಬರುವುದಿಲ್ಲ. ಸೀಟಿ ಊದುವ ಪುಣ್ಯಾತ್ಮನ ಪಕ್ಕದಲ್ಲಿ ಆಟ ಗೊತ್ತಿರುವವರು ಒಬ್ಬರು ನಿಂತಿರಲಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ.

ಶಿಷ್ಟಾಚಾರಕ್ಕೆ ಒಬ್ಬರು ಅಧ್ಯಕ್ಷರು, ಎರಡು ಮಾತು. ಬಹುಮಾನವನ್ನು ಅತಿಥಿ ಕೊಡಲಿ, ಆದರೆ ಮಗು ಏನು ಮಾಡಿತು ಎನ್ನುವುದನ್ನು ಅದರ ಗೆಳತಿಯೋ ಗೆಳೆಯನೋ ಮೈಕಿನಲ್ಲಿ ಹೇಳಲಿ. ಒಂದು ವಾಕ್ಯ ಸಾಕು.

ಕೆಳದಿ ರಸ್ತೆ:

ಪ್ರವಾಸಕ್ಕೆ ಹೋಗದ ಏಳು ಮಕ್ಕಳ ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಕವಲೇದುರ್ಗ ನಿಮ್ಮ ತಾಲ್ಲೂಕಿನಲ್ಲೇ ಇದೆ. ಅದೂ ಕೆಳದಿ ಅರಸರ ಕೋಟೆಯೇ. ಡಿಸೆಂಬರ್ ಮುಗಿಯುವುದರ ಒಳಗೆ ಇಡೀ ಶಾಲೆ ಹೋಗಿ ಬನ್ನಿ, ಪ್ರವಾಸಗಳನ್ನು ಅಷ್ಟರೊಳಗೆ ಮುಗಿಸಿ ಎಂದು ಇಲಾಖೆ ಹೇಳುತ್ತದಲ್ಲ. ಬುತ್ತಿ ಮನೆಯಿಂದಲೇ. ಬೆಳಿಗ್ಗೆ ಹೋದರೆ ಸಂಜೆ ಒಳಗೆ ಮನೆಯಲ್ಲಿರುತ್ತಾರೆ, ಹುಡುಗಿಯರ ಅಪ್ಪಂದಿರೂ ಬೇಕಾದರೆ ಜೊತೆಗೆ ಬರಲಿ. ಕೆಳದಿ ನೋಡಿದವರು ಕೆಳದಿ ಕಥೆ ಹೇಳಲಿ, ಈ ಏಳು ಜನ ಕವಲೇದುರ್ಗದ ಕಥೆ ಹೇಳಲಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮ ಇದೇ ಮನೆತನದ ರಾಣಿ. ನಿಮ್ಮ ಖೋ ಖೋ ಹುಡುಗಿಗೇ ಆ ಭಾಗ ಕೊಡಿ.

ಫೋಟೋ, ವಿಡಿಯೋ ಹೊರಗಿನ ಗ್ರೂಪುಗಳಿಗೆ ಹಾಕುವ ಮುಂಚೆ ಮನೆಯವರನ್ನು ಕೇಳಿ. ಮಕ್ಕಳ ಮುಖ, ಹೆಸರು, ಶಾಲೆ ಮೂರೂ ಒಟ್ಟಿಗೆ ಹಾಕಲೇಬೇಡಿ.

ತುಂಗೆಯ ಆಚೆ ದಡ:

ಇವತ್ತು ಹೆಡ್ ಮೇಡಂ ಹತ್ತಿರ ಮಾತಾಡಿದೆ. ಪಂದ್ಯಕ್ಕೆ ಒಪ್ಪಿದರು. ಸೀಟಿ ಉಪಾಯ ಕೇಳಿ ನಕ್ಕು ನಕ್ಕು, "ಯಾರಿಗೆ ಗಡಿಯಾರ ಕೊಡಬೇಕು ನನಗೆ ಗೊತ್ತು" ಎಂದರು. ಕವಲೇದುರ್ಗಕ್ಕೆ ಬಿಇಒ ಕಚೇರಿಯ ಒಪ್ಪಿಗೆ ಬೇಕು, ಪತ್ರ ಬರೆಯುತ್ತಿದ್ದಾರೆ. ಫ್ಲೆಕ್ಸ್ ಮಾತ್ರ ತಪ್ಪಿಸಲು ಆಗಲಿಲ್ಲ, ದಾನಿಯೊಬ್ಬರು ಮಾಡಿಸಿ ಆಗಿದೆಯಂತೆ. ಅದನ್ನು ಗೇಟಿನ ಹತ್ತಿರ ಕಟ್ಟುತ್ತೇವೆ, ವೇದಿಕೆಗೆ ಬೇಡ.

ಗೊರಬಿನ ಹೆಂಗಸು ಈಗ ಒಂದನೇ ಕ್ಲಾಸಿನ ಕಿಟಕಿ ಪಕ್ಕ ನೆರಳಿನಲ್ಲಿದ್ದಾಳೆ. ಹುಡುಗನನ್ನು ಕರೆದು ಬಿರುಕು ತೋರಿಸಿದೆ. "ಇದು ಸರಿಯಾಗಲ್ಲ, ಇನ್ನೊಂದು ಮಾಡ್ತೀನಿ, ಈ ಸಲ ಮೂರು ಜನ" ಎಂದ. ಈ ವರ್ಷ ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು.

ಮೇಷ್ಟ್ರೇ, ಅಂಗಳದಲ್ಲಿ ಗೆರೆ ಹಾಕುವುದಕ್ಕೆ ಮನೆಯಲ್ಲಿ ತೋಟಕ್ಕೆ ತಂದ ಸುಣ್ಣ ಉಳಿದಿದೆ. ಅದನ್ನೇ ಬಳಸಬಹುದಾ?

ಹಳೇ ಪಿಟಿ ಮೇಷ್ಟ್ರು:

ಬೇಡವೇ ಬೇಡ. ಮಕ್ಕಳು ಬೋರಲು ಬೀಳುವ ಆಟ ಇದು. ಸುಣ್ಣ ಕಣ್ಣಿಗೆ ಹೋದರೆ ಸುಡುತ್ತದೆ, ಬೆವರಿನ ಮೈಗೂ ಒಳ್ಳೆಯದಲ್ಲ. ರಂಗೋಲಿ ಪುಡಿ ತನ್ನಿ. ಗೆರೆ ಎಳೆಯುವ ಮೊದಲು ಅಂಗಳಕ್ಕೆ ಸ್ವಲ್ಪ ನೀರು ಚಿಮುಕಿಸಿ, ಧೂಳು ಏಳುವುದಿಲ್ಲ. ಕಲ್ಲು ಆರಿಸುವ ಕೆಲಸಕ್ಕೆ ಹಿಂದಿನ ದಿನವೇ ನಾಲ್ಕು ಜನ ಅಪ್ಪಂದಿರನ್ನು ಹಿಡಿದು ಹಾಕಿ. ಜೋಗಕ್ಕೆ ಕಳಿಸದವರಿದ್ದಾರಲ್ಲ, ಅವರನ್ನೇ ಮೊದಲು.