ದೊಡ್ಡಪ್ಪನ ಹಳೇ ಸ್ಪ್ಲೆಂಡರ್: ಮನೆಯಲ್ಲೇ ಎಷ್ಟು ರಿಪೇರಿ ಮಾಡಬಹುದು? ಅನುಭವ ಇರೋರು ಹೇಳಿ

ಕೇಳಿದವರು: ಮೂಡಿಗೆರೆ ಕಡೆಯಿಂದ

ನಮಸ್ಕಾರ. ನಮ್ಮ ದೊಡ್ಡಪ್ಪ 1998ರಲ್ಲಿ ತಗೊಂಡ ಹೀರೋ ಹೋಂಡಾ ಸ್ಪ್ಲೆಂಡರ್ ಈಗ ನನ್ನ ಕೈಗೆ ಬಂದಿದೆ. ಅವರಿಗೆ ಮಂಡಿನೋವು, ಓಡಿಸೋಕಾಗಲ್ಲ, "ನೀನೇ ಇಟ್ಕೊ" ಅಂದ್ರು. ನಾಲ್ಕೈದು ವರ್ಷದಿಂದ ತೋಟದ ಗೋಡೌನಿನಲ್ಲಿ ಗೊಬ್ಬರದ ಮೂಟೆ ಪಕ್ಕ ನಿಂತಿತ್ತು. ಕಿಕ್ಕರ್ ಸಲೀಸಾಗಿ ಇಳಿಯುತ್ತೆ, ಗಾಡಿ ಮಾತ್ರ ಸ್ಟಾರ್ಟ್ ಆಗ್ತಿಲ್ಲ. ಟ್ಯಾಂಕ್ ಒಳಗೆ ಕೆಂಪು ತುಕ್ಕು, ಪೆಟ್ರೋಲು ವಾರ್ನಿಷ್ ಥರ ನಾರುತ್ತೆ. ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ನೋಡಿ "ಇಂಜಿನ್ ಬಿಚ್ಚಬೇಕು, ಬೋರ್ ಮಾಡಿಸಬೇಕು" (ಸವೆದ ಸಿಲಿಂಡರಿನ ಒಳಗೋಡೆ ಕೊರೆಸಬೇಕು) ಅಂತ ದೊಡ್ಡ ಮೊತ್ತ ಹೇಳಿದ್ರು. ಔಷಧಿ ಹೊಡೆಯೋ ಪಂಪು, ಮೋಟರು ಇವೆಲ್ಲ ನಾನೇ ಬಿಚ್ಚಿ ಜೋಡಿಸ್ತೀನಿ, ಬೈಕ್ ಮುಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ? ಯಾವುದಕ್ಕೆ ಕೈ ಹಾಕಬಾರದು?

ಹಾಸನದಿಂದ, ಹಿಂದೆ ಗ್ಯಾರೇಜ್ ನಡೆಸಿದವರು

ತಮ್ಮ, ಇಂಜಿನ್ ಬಿಚ್ಚೋ ಮಾತು ಸದ್ಯಕ್ಕೆ ಬಿಡು. ನಿಂತು ಕೆಟ್ಟ ಗಾಡಿ ಬೇರೆ, ಓಡಿ ಸವೆದ ಗಾಡಿ ಬೇರೆ. ಬೋರ್ ಹೋಗೋದು ಓಡಿದ ಗಾಡಿಗೆ. ನಿಂತ ಗಾಡಿಗೆ ಮೊದಲು ಹೋಗೋದು ಪೆಟ್ರೋಲಿನ ದಾರಿ, ಆಮೇಲೆ ರಬ್ಬರು, ವೈರು.

ಮೆಕ್ಯಾನಿಕ್ ಹೇಳಿದ್ದು ನಿಜವೋ ಸುಳ್ಳೋ ಅಂತ ನೀನೇ ನೋಡ್ಕೋಬಹುದು. ಇಂಜಿನ್ನಿನ ತಲೆಯಲ್ಲಿ ಕಿಡಿ ಹಾರಿಸೋ ಪ್ಲಗ್ ಬಿಚ್ಚು. ಈ ಗಾಡಿ ಪ್ಲಗ್ ಸಣ್ಣದು, 16ರ ಪ್ಲಗ್ ಪಾನಾ ಬೇಕು. ಬಿಚ್ಚೋಕೆ ಮುಂಚೆ ಸುತ್ತ ಕೂತಿರೋ ಮಣ್ಣು ಊದಿ ತೆಗಿ, ಇಲ್ಲಾಂದ್ರೆ ಎಲ್ಲಾ ಸಿಲಿಂಡರ್ ಒಳಗೆ ಬೀಳುತ್ತೆ. ಆ ತೂತಿನಲ್ಲಿ ಒಂದು ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಕೈಯಲ್ಲೇ ಕಿಕ್ಕರ್ ನಿಧಾನಕ್ಕೆ ನಾಲ್ಕಾರು ಸಲ ಒತ್ತಿ ಆಯಿಲ್ ಒಳಗೆಲ್ಲ ಸವರಿಕೊಳ್ಳಲಿ. ಆಮೇಲೆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಬ್ಬರಿಗೆ ಜೋರಾಗಿ ಕಿಕ್ ಹೊಡೆಯೋಕೆ ಹೇಳು. ಬೆರಳನ್ನ ಗಾಳಿ ಒದ್ದು ತಳ್ಳಿದ್ರೆ ಕಂಪ್ರೆಷನ್ (ಒಳಗಿನ ಗಾಳಿಯ ಒತ್ತಡ) ಇದೆ, ಬೋರ್ ಮಾತು ಮರೆತುಬಿಡು. ಆಯಿಲ್ ಹಾಕಿದ ಹೊಸದರಲ್ಲಿ ಕಂಪ್ರೆಷನ್ ಸ್ವಲ್ಪ ಜಾಸ್ತೀನೇ ತೋರಿಸುತ್ತೆ, ಅದಕ್ಕೆ ಗಾಡಿ ಓಡಿದ ಮೇಲೆ ಇನ್ನೊಮ್ಮೆ ನೋಡು.

ಕರೆಂಟ್ ನೋಡೋದು ಹೀಗೆ. ಪ್ಲಗ್ಗನ್ನ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಹೆಡ್ಡಿಗೆ (ಇಂಜಿನ್ನಿನ ಮೇಲ್ಭಾಗಕ್ಕೆ) ತಾಗಿಸಿ ಹಿಡಿ, ಕೀ ಆನ್ ಮಾಡಿ ಕಿಕ್ ಹೊಡಿ. ನೀಲಿ ಕಿಡಿ ಚಟ್ ಅಂತ ಹಾರಬೇಕು. ಮಂಕಾಗಿ ಹಳದಿ ಬಂದ್ರೆ ಪ್ಲಗ್ ಬದಲಿಸು, ಕ್ಯಾಪ್ ಬಿಚ್ಚಿ ವೈರಿನ ತುದಿ ಅರ್ಧ ಇಂಚು ಕತ್ತರಿಸಿ ಮತ್ತೆ ತಿರುಗಿಸಿ ಹಾಕು. ಇದು ಮಾಡೋವಾಗ ಪೆಟ್ರೋಲ್ ಡಬ್ಬ ಹತ್ತಿರ ಇರಬಾರದು, ಪ್ಲಗ್ ತೂತಿಗೆ ಬಟ್ಟೆ ಮುಚ್ಚಿರಬೇಕು.

ಕಿಡಿ ಇದ್ದು, ಗಾಳಿ ಒದೆಯುತ್ತಿದ್ದರೆ ಉಳಿದಿದ್ದು ಕಾರ್ಬೊರೇಟರ್, ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ. ಹಳೇ ಪೆಟ್ರೋಲು ಒಣಗಿ ಅಂಟಾಗಿರುತ್ತೆ. ಕೆಳಗಿನ ಬಟ್ಟಲು ಬಿಚ್ಚು. ಆ ಸ್ಕ್ರೂಗಳು ಜಪಾನಿ ಅಚ್ಚಿನವು. ಅಂಗಡೀಲಿ ಸಿಗೋ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದರಲ್ಲಿ ಸರಿಯಾಗಿ ಕೂರಲ್ಲ, ಜಾರಿ ತಲೆ ಬೋಳಾಗುತ್ತೆ. ಗಟ್ಟಿಯಾಗಿ ಕೂರೋ ತುದಿ ಹಾಕಿ, ಹಿಂದಿನಿಂದ ಸುತ್ತಿಗೇಲಿ ಒಂದು ಏಟು ಕೊಟ್ಟು ಆಮೇಲೆ ತಿರುಗಿಸು. ಒಳಗೆ ಎರಡು ಜೆಟ್, ಅಂದ್ರೆ ಪೆಟ್ರೋಲ್ ಹಾಯೋ ತೂತಿನ ಹಿತ್ತಾಳೆ ತುಂಡು, ಇರುತ್ತೆ. ದೊಡ್ಡದು ಯಾವಾಗಲೂ ಚೊಕ್ಕವಾಗೇ ಕಾಣುತ್ತೆ, ತೊಂದರೆ ಕೊಡೋದು ಸಣ್ಣದು, ಪೈಲಟ್ ಜೆಟ್. ಬೆಳಕಿಗೆ ಹಿಡಿದು ನೋಡಿದಾಗ ಸೂಜಿಮೊನೆಯಷ್ಟು ಬೆಳಕು ಕಾಣಲೇಬೇಕು. ಕಾಣದಿದ್ರೆ ಕಾರ್ಬೊರೇಟರ್ ಕ್ಲೀನರ್ ಹೊಡೆದು ನೆನೆಸಿ, ವೈರ್ ಒಳಗಿನ ತಾಮ್ರದ ಒಂದು ಎಳೆ ತೂರಿಸು. ಉಕ್ಕಿನ ತಂತಿ, ಪಿನ್ನು ಬೇಡ, ಹಿತ್ತಾಳೆ ತೂತು ದೊಡ್ಡದಾದ್ರೆ ಪೆಟ್ರೋಲ್ ಕುಡಿಯುತ್ತೆ. ಹೊರಗಿರೋ ಗಾಳಿ ಸ್ಕ್ರೂ ಬಿಚ್ಚೋಕೆ ಮುಂಚೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಿಗೆ ಕೂತಿತು ಅಂತ ಗೋಡೆ ಮೇಲಾದ್ರೂ ಬರ್ಕೊ.

ಆಯಿಲ್ ಹಳೇದು ಪೂರ್ತಿ ಇಳಿಸು. 10ಡಬ್ಲ್ಯು-30, ಬೈಕಿಗೆ ಅಂತಲೇ ಬರೋದು, ಒಂದು ಲೀಟರಿಗಿಂತ ಸ್ವಲ್ಪ ಕಮ್ಮಿ ಹಿಡಿಯುತ್ತೆ. ಮನೇಲಿ ಕಾರಿನ ಆಯಿಲ್ ಮಿಕ್ಕಿದೆ ಅಂತ ಅದನ್ನ ಸುರಿಯಬೇಡ, ಇದರ ಕ್ಲಚ್ ಪ್ಲೇಟು ಅದೇ ಆಯಿಲಿನಲ್ಲಿ ಮುಳುಗಿರುತ್ತೆ, ಜಾರೋಕೆ ಶುರುವಾಗುತ್ತೆ. ಅಳತೆ ನೋಡೋವಾಗ ಕಡ್ಡಿ ಒರೆಸಿ ಸುಮ್ಮನೆ ಇಳಿಬಿಟ್ಟು ನೋಡಬೇಕು, ತಿರುಗಿಸಿ ಬಿಗಿ ಮಾಡಬಾರದು. ಬಲಗಡೆ ಕವರಿನೊಳಗೆ ಒಂದು ಜಾಲರಿ, ಒಂದು ತಿರುಗೋ ಬಟ್ಟಲು ಇದೆ, ಕಸ ಹಿಡಿಯೋದು ಅವೇ. ಅದನ್ನ ಆಮೇಲೆ ಗೊತ್ತಿರೋರ ಹತ್ರ ಒಂದ್ಸಲ ತೊಳೆಸು. ಇಷ್ಟು ವರ್ಷದಲ್ಲಿ ಯಾರೂ ಬಿಚ್ಚಿರಲ್ಲ ಅಂತ ನನ್ನ ಅಂದಾಜು.

ಬೇಲೂರಿನಿಂದ

ಟ್ಯಾಂಕ್ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನ ತೊಳೆಯದೆ ಕಾರ್ಬೊರೇಟರ್ ತೊಳೆದ್ರೆ ವಾರದೊಳಗೆ ಮತ್ತೆ ಅದೇ ಕತೆ.

ಟ್ಯಾಂಕ್ ಕಳಚಿ, ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ತೆಗೆದು, ಆ ತೂತು ಮುಚ್ಚಿ. ಒಳಗೆ ಒಂದು ಹಿಡಿ ಸಣ್ಣ ನಟ್ಟು ಹಾಕಿ ಸ್ವಲ್ಪ ನೀರಿನ ಜೊತೆ ಚೆನ್ನಾಗಿ ಕುಲುಕಿ. ನಟ್ಟು ಎಣಿಸಿ ಹಾಕಿ, ಎಣಿಸಿ ತೆಗೀರಿ. ಆಮೇಲೆ ದಿನಸಿ ಅಂಗಡೀಲಿ ಸಿಗೋ ನಿಂಬೆ ಉಪ್ಪು ಬಿಸಿ ನೀರಲ್ಲಿ ಕರಗಿಸಿ ತುಂಬಿ ಒಂದು ದಿನ ಬಿಡಿ. ತುಕ್ಕು ಕರಗಿ ನೀರು ಕಪ್ಪಗೆ ಬರುತ್ತೆ. ಅಡುಗೆ ಸೋಡಾ ನೀರಲ್ಲಿ ತೊಳೆದು, ಒಳ್ಳೇ ಬಿಸಿಲಿಗಿಟ್ಟು ಒಣಗಿಸಿ, ಒಣಗಿದ ತಕ್ಷಣ ಪೆಟ್ರೋಲಿಗೆ ಸ್ವಲ್ಪ ಆಯಿಲ್ ಬೆರೆಸಿ ಒಳಗೆಲ್ಲ ಸವರಿ. ಒಂದು ರಾತ್ರಿ ಬರಿದಾಗಿ ಬಿಟ್ರೂ ಹೊಸ ತುಕ್ಕು ಏಳುತ್ತೆ. ತೂತು ಬಿದ್ದಿದ್ರೆ ವೆಲ್ಡಿಂಗ್ ಅಂಗಡಿಗೆ ಹಾಗೇ ಒಯ್ಯಬೇಡಿ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನೊಳಗಿರೋ ಪೆಟ್ರೋಲ್ ಹಬೆ ಅಪಾಯ, ಸಿಡಿಯುತ್ತೆ.

ಪೆಟ್ರೋಲ್ ಪೈಪು ಹೊಸದು ಹಾಕಿ. ಈಗ ಬಂಕಿನಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆತಿದ್ದು. ಆ ಕಾಲದ ಗಾಡಿಯ ರಬ್ಬರು ಅದಕ್ಕೆ ಮಾಡಿದ್ದಲ್ಲ, ಉಬ್ಬಿಕೊಳ್ಳುತ್ತೆ. ಎಥನಾಲ್ ಗಾಳಿಯಲ್ಲಿರೋ ನೀರನ್ನೂ ಎಳ್ಕೊಳ್ಳುತ್ತೆ, ಜಾಸ್ತಿಯಾದ್ರೆ ನೀರಿನ ಸಮೇತ ಟ್ಯಾಂಕಿನ ತಳದಲ್ಲಿ ಬೇರೆಯಾಗಿ ಕೂರುತ್ತೆ. ನಿಮ್ಮ ಕಡೆ ಮಳೆಗಾಲದ ತೇವಕ್ಕೆ ಇದು ದೊಡ್ಡ ತಲೆನೋವು. ಹತ್ತು ಹದಿನೈದು ದಿನ ಓಡಿಸೋದಿಲ್ಲ ಅಂದ್ರೆ ಕಾಕ್ ಬಂದ್ ಮಾಡಿ, ಇಂಜಿನ್ ತಾನಾಗೇ ಆಫ್ ಆಗೋವರೆಗೆ ಓಡಲಿ, ಕಾರ್ಬೊರೇಟರ್ ಖಾಲಿಯಾಗುತ್ತೆ.

ಸಕಲೇಶಪುರದಿಂದ

ಮೊದಲು ಆ ಗಾಡೀನ ಗೊಬ್ಬರದ ಗೋಡೌನಿನಿಂದ ಈಚೆ ತನ್ನಿ ಮಾರಾಯ್ರೆ! ಪೊಟ್ಯಾಶು ಉಪ್ಪಿನ ಜಾತಿ, ಗಾಳಿಯ ನೀರು ಕುಡಿದು ಧೂಳೇ ಒದ್ದೆಯಾಗಿ ಕೂತಿರುತ್ತೆ. ರಿಮ್ಮು, ಕಡ್ಡಿ, ವೈರಿನ ಜಾಯಿಂಟು ಎಲ್ಲ ತಿಂದು ಹಾಕುತ್ತೆ. ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯೋ ಕಾಲದಲ್ಲಿ ಮೈಲುತುತ್ತದ ಚೀಲ ಕ್ಯಾರಿಯರ್ ಮೇಲೆ ಹೇರಿದ್ದರಂತೂ ಹಿಂದಿನ ಮಡ್‌ಗಾರ್ಡ್ ಕೆಳಗೆ ಕೈ ಹಾಕಿ ನೋಡಿ, ತಗಡು ಉದುರುತ್ತೆ. ತಾಮ್ರದ ಉಪ್ಪು ಕಬ್ಬಿಣಕ್ಕೆ ಶತ್ರು. ಸೀಟಿನ ಕೆಳಗೆ, ಸೈಡ್ ಕವರಿನೊಳಗೆ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ, ಗೋಡೌನಿನ ಗಾಡಿಗೆ ಇದು ಮಾಮೂಲು.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ಒಣಗೋದೇ ಇಲ್ಲ. ಟಾರ್ಪಾಲ್ ಬಿಗಿಯಾಗಿ ಸುತ್ತಿದ್ರೆ ಒಳಗೇ ಬೆವರುತ್ತೆ. ಮಾಡು ಇದ್ರೆ ಸಾಕು, ಗಾಳಿ ಆಡಲಿ. ಕ್ಲಚ್ ವೈರು, ಆಕ್ಸಿಲರೇಟರ್ ವೈರು, ಮುಂದಿನ ಬ್ರೇಕ್ ವೈರು ಮೂರಕ್ಕೂ ಮೇ ತಿಂಗಳಲ್ಲೇ ಆಯಿಲ್ ಬಿಡಿ. ಮೇಲಿನ ತುದಿ ಬಿಡಿಸಿ, ಪ್ಲಾಸ್ಟಿಕ್ ಹಾಳೆಯನ್ನ ಲಾಳಿಕೆ ಥರ ಸುತ್ತಿ ದಾರ ಕಟ್ಟಿ, ಆಯಿಲ್ ಹಾಕಿ ತೂಗುಹಾಕಿದ್ರೆ ಕೆಳಗಿನ ತುದಿಯಿಂದ ತೊಟ್ಟಿಕ್ಕುತ್ತೆ. ನಾನು ಇನ್ನೊಂದು ಕ್ಲಚ್ ವೈರನ್ನ ಹಳೇದರ ಪಕ್ಕದಲ್ಲೇ ಟೇಪ್ ಸುತ್ತಿ ಓಡಿಸಿಟ್ಟಿರ್ತೀನಿ. ಶಿರಾಡಿ ಘಾಟಿಯಲ್ಲಿ ರಾತ್ರಿ ಕಟ್ಟಾದ್ರೂ ಎರಡು ತುದಿ ಸಿಕ್ಕಿಸಿದ್ರೆ ಆಯ್ತು.

ಕಡೂರಿನಿಂದ

ಆ ತಗಡಿನ ಚೈನ್ ಕವರ್ ಬಿಚ್ಚಿ ಎಸೀರಿ, ಚೈನ್ ಕಣ್ಣೆದುರಿಗೆ ಇದ್ರೆ ವಾರಕ್ಕೊಮ್ಮೆ ಒರೆಸಬಹುದು. ನಾನು ತೆಗೆದು ಆರಾಮಾಗಿದೀನಿ. ನಮ್ಮ ಕಡೆ ಧೂಳೇ ಜಾಸ್ತಿ, ಅದಕ್ಕೆ ಏರ್ ಫಿಲ್ಟರ್ ಮೇಲೆ ನನ್ನ ಗಮನ. ಸ್ಪಂಜಿನದಾದ್ರೆ ಸೀಮೆಎಣ್ಣೆಯಲ್ಲಿ ಹಿಂಡಿ, ಒಣಗಿಸಿ, ಆಯಿಲ್ ಅದ್ದಿ ಹಿಂಡಿ ಹಾಕಿ. ಪೇಪರಿನದಾದ್ರೆ ತೊಳೆಯೋಕೆ ಹೋಗಬೇಡಿ, ಹೊಸದು ತನ್ನಿ.

ಸಕಲೇಶಪುರದಿಂದ, ಮತ್ತೆ

ಕಡೂರಿನ ಮಾತು ಕಡೂರಿಗೆ ಸರಿ ಕಣ್ರೀ. ಇಲ್ಲಿ ಕವರ್ ತೆಗೆದ್ರೆ ಒಂದೇ ಮಳೆಗಾಲಕ್ಕೆ ಚೈನ್ ಸ್ಪ್ರಾಕೆಟ್ ಮುಗೀತು. ಕವರ್ ಇರಲಿ, ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬಿಚ್ಚಿ ಒಳಗಿನ ಕೆಂಪು ಮಣ್ಣು ಕೆರೆದು ತೆಗೀರಿ. ನಡುವೆ ಸಡಿಲ ನೋಡೋಕೆ ಕವರಿನಲ್ಲೇ ರಬ್ಬರ್ ಬಿರಡೆ ಇದೆ. ಬೆರಳು ಹಾಕಿ ಮೇಲೆ ಕೆಳಗೆ ಆಡಿಸಿದ್ರೆ 20ರಿಂದ 30 ಮಿಲಿಮೀಟರ್ ಆಡಬೇಕು. ಬಿಗಿ ಮಾಡೋವಾಗ ಹಿಂದಿನ ಚಕ್ರದ ಎರಡೂ ಕಡೆ ಗುರುತು ಒಂದೇ ಮನೆಗೆ ಬರಲಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹೆಬ್ಬೆರಳನ್ನ ಒದ್ದು ತಳ್ಳಿತು! ಕಿಡಿಯೂ ಇತ್ತು. ಪೈಲಟ್ ಜೆಟ್ ಪೂರ್ತಿ ಮುಚ್ಚಿಹೋಗಿತ್ತು. ಟ್ಯಾಂಕ್ ತೊಳೆದು, ಹೊಸ ಪೈಪು ಹಾಕಿ, ಚೋಕ್ ಎಳೆದು ಕಿಕ್ ಹೊಡೆದೆ, ಸ್ಟಾರ್ಟ್ ಆಯ್ತು. ಆದ್ರೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರ್ತಿದೆ, ಹೆಡ್ಡಿನಲ್ಲಿ ಟಕಟಕ ಸದ್ದು. ಭಯ ಪಡಬೇಕಾ? ಪೇಟೆಗೆ ಓಡಿಸಲಾ?

ಹಾಸನದಿಂದ

ಮೊದಲ ಹೊಗೆ ನಾವು ಹಾಕಿದ ಆಯಿಲು, ಸೈಲೆನ್ಸರಿನಲ್ಲಿ ಕೂತ ನೀರು. ಬಿಸಿಯಾದ ಮೇಲೆ ನಿಲ್ಲಬೇಕು. ಬಿಸಿ ಇಂಜಿನ್ನಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಿಡದೆ ಬಂದ್ರೆ, ಆಯಿಲ್ ಕಡ್ಡಿಯಲ್ಲಿ ಮಟ್ಟ ಇಳೀತಾ ಹೋದ್ರೆ ಮಾತ್ರ ಮೆಕ್ಯಾನಿಕ್ ಹೇಳಿದ್ದಕ್ಕೆ ಬೆಲೆ ಬಂತು ಅನ್ಕೊ. ಟಕಟಕ ಸದ್ದು ಟ್ಯಾಪೆಟ್ (ವಾಲ್ವ್ ಒತ್ತೋ ಜಾಗದ ಸಂದು) ಇರಬಹುದು. ಅದನ್ನ ಇಂಜಿನ್ ಪೂರ್ತಿ ತಣ್ಣಗಿರೋವಾಗ, ಮ್ಯಾಗ್ನೆಟ್ ಮೇಲಿನ 'ಟಿ' ಗುರುತು ಹೊಂದಿಸಿ, ಫೀಲರ್ ಗೇಜಿನಲ್ಲಿ (ಸಂದು ಅಳೆಯೋ ತೆಳು ಪಟ್ಟಿ) ನೋಡಬೇಕು. ಮೊದಲ ಸಲ ಗೊತ್ತಿರೋರು ಮಾಡೋದನ್ನ ಪಕ್ಕದಲ್ಲಿ ನಿಂತು ನೋಡು. ಸದ್ದು ನಿಲ್ಲಲಿ ಅಂತ ಬಿಗಿ ಮಾಡ್ತಾ ಹೋದ್ರೆ ವಾಲ್ವ್ ಸುಟ್ಟುಹೋಗುತ್ತೆ. ಸ್ವಲ್ಪ ಸದ್ದಿರೋ ಟ್ಯಾಪೆಟ್ಟೇ ವಾಸಿ.

ಪೇಟೆಗೆ ಈಗಲೇ ಬೇಡ. ಬ್ರೇಕ್ ನೋಡಿದ್ಯಾ? ಡ್ರಮ್ಮಿನೊಳಗೆ ತುಕ್ಕು ಹಿಡಿದು ಲೈನರ್ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸೋ ಪಟ್ಟಿ) ತನ್ನ ತಗಡಿನಿಂದ ಎದ್ದಿರುತ್ತೆ, ಇಳಿಜಾರಿನಲ್ಲಿ ಕಿತ್ತು ಬಂದ್ರೆ ಚಕ್ರ ಲಾಕ್ ಆಗುತ್ತೆ. ಚಕ್ರ ಬಿಚ್ಚಿ, ಡ್ರಮ್ಮಿಗೆ ಎಮರಿ ಪೇಪರ್ ಉಜ್ಜು, ಒಳಗಿನ ಧೂಳನ್ನ ಬಾಯಲ್ಲಿ ಊದಬೇಡ, ಒದ್ದೆ ಬಟ್ಟೇಲಿ ಒರೆಸು, ಹಳೇ ಲೈನರಿನಲ್ಲಿ ಕಲ್ನಾರು ಇರುತ್ತಿತ್ತು. ಲೈನರ್ ಎರಡು ಚಕ್ರಕ್ಕೂ ಹೊಸದು ಹಾಕಿಬಿಡು, ಇದರಲ್ಲಿ ದುಡ್ಡು ಉಳಿಸಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 3211 ಅಂದ್ರೆ 2011ರ 32ನೇ ವಾರ ತಯಾರಾಗಿದ್ದು. ಅಷ್ಟು ಹಳೇದು ಕಂಡ್ರೆ ಟೈರಿನ ಗೀರು ಎಷ್ಟೇ ಆಳ ಇರಲಿ ಬದಲಿಸು, ಟ್ಯೂಬ್ ಸಮೇತ.

ಚಿಕ್ಕಮಗಳೂರಿನಿಂದ

ಪೇಟೆಗೆ ಬೇಡ ಅನ್ನೋಕೆ ಇನ್ನೊಂದು ಕಾರಣ ಆರ್‌ಸಿ. ಖಾಸಗಿ ಗಾಡಿ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸ್ತಾ ಹೋಗಬೇಕು. 1998ರದು ಅಂದ್ರೆ 2013ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ, 2023ರಲ್ಲಿ ಒಮ್ಮೆ ಆಗಿರಬೇಕಿತ್ತು, ಆಗಿದೆಯಾ ನೋಡಿ. ನವೀಕರಣಕ್ಕೆ ಫಾರಂ 25. ಹೆಸರು ಬದಲಾವಣೆಗೆ 29 ಮತ್ತು 30, ದೊಡ್ಡಪ್ಪನವರ ಸಹಿ ಬೇಕು. ಕೆಎ 18 ನಂಬರಾದ್ರೆ ನಮ್ಮ ಆರ್‌ಟಿಒ ಕಚೇರಿಯಲ್ಲೇ. ಗಾಡಿ ಪರೀಕ್ಷೆಗೆ ತೋರಿಸಬೇಕು, ಅದಕ್ಕೆ ಮುಂಚೆ ಇಂಡಿಕೇಟರ್, ಹಾರ್ನ್, ಬ್ರೇಕ್ ಲೈಟ್ ಎಲ್ಲ ಕೆಲಸ ಮಾಡಲಿ. ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು ಕೂಡ ಚಾಲ್ತಿಯಲ್ಲಿರಬೇಕು. ಅಲ್ಲಿವರೆಗೆ ತೋಟದ ರಸ್ತೆಯಲ್ಲೇ ಓಡಿಸಿ ಪಳಗಿಸಿ.

ಬ್ಯಾಟರಿ ಸತ್ತಿರುತ್ತೆ, 12 ವೋಲ್ಟ್ 2.5 ಎಎಚ್‌ದು ಕೇಳಿ ತನ್ನಿ. ಇಂಡಿಕೇಟರ್, ಹಾರ್ನ್ ಅದರಿಂದಲೇ. ಹೆಡ್‌ಲೈಟ್ ಮಾತ್ರ ನೇರ ಇಂಜಿನ್ನಿನಿಂದ ಓಡುತ್ತೆ, ಐಡ್ಲಿಂಗಿನಲ್ಲಿ ಮಂಕಾದ್ರೆ ಗಾಬರಿಯಾಗಿ ವೈರಿಂಗ್ ಬಿಚ್ಚೋಕೆ ಕೂರಬೇಡಿ.