ಅಪ್‌ಡೇಟ್: ಶುಗರ್ ನಾರ್ಮಲ್, ಆದರೂ ಕತ್ತು ಕಪ್ಪು

ಮೂರು ತಿಂಗಳ ಹಿಂದೆ ಕೇಳಿದ್ದೆ: ಖಾಲಿ ಹೊಟ್ಟೆಯ ಶುಗರ್ 98, ಆದರೂ ಹೊಟ್ಟೆ ಬರ್ತಿದೆ, ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದೆ, ಯಾಕೆ ಅಂತ. ಕೊಳೆ ಅಂದುಕೊಂಡು ದಿನಾ ನಾರು ಹಾಕಿ ಉಜ್ಜಿದ್ದೇ ಉಜ್ಜಿದ್ದು!

ನೀವು ಹೇಳಿದಂತೆ ಇನ್ಸುಲಿನ್ ಕೂಡ ಟೆಸ್ಟ್ ಮಾಡಿಸಿದೆ. 18 ಬಂತು. ಡಾಕ್ಟರ್ ಚೀಟಿಯ ಹಿಂದೆಯೇ 98ನ್ನು 18ರಿಂದ ಗುಣಿಸಿ, 405ರಿಂದ ಭಾಗಿಸಿದರು. ಸುಮಾರು 4.4. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸುತ್ತಿದೆಯಾ ಅಂತ ನೋಡೋ ಲೆಕ್ಕ ಇದು (HOMA-IR), ನನ್ನದು ಜಾಸ್ತಿಯಂತೆ. ಶುಗರ್ ಹಿಡಿತದಲ್ಲಿದೆ ನಿಜ, ಆದರೆ ಅದಕ್ಕಾಗಿ ದೇಹ ಜಾಸ್ತಿ ಇನ್ಸುಲಿನ್ ಸುರಿಯುತ್ತಿದೆ ಅಂದರು. ಕತ್ತು ಕಪ್ಪಾಗಿದ್ದೂ, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) 210 ಇದ್ದದ್ದೂ ಅದೇ ಕಥೆಯಂತೆ.

ಮುದ್ದೆ ಬಿಟ್ಟಿಲ್ಲ, ಅರ್ಧ ಮಾಡಿದೆ. ಸೊಪ್ಪು, ಕಾಳು ಜಾಸ್ತಿ. ಊಟವಾದ ಮೇಲೆ 15 ನಿಮಿಷ ನಡಿಗೆ. ಈಗ ಟ್ರೈಗ್ಲಿಸರೈಡ್ 160, ಬೆಲ್ಟ್ ಒಂದು ತೂತು ಒಳಗೆ. ಕತ್ತು ಮಾತ್ರ ಹಾಗೇ ಇದೆ. ಉಜ್ಜೋದು ನಿಲ್ಲಿಸಿದ್ದೇನೆ.